ರುಂಡಾದಲ್ಲಿ ಇಟ್ಟ ಪೆಟ್ಟಿಗೆ

ಹಡಗಿನ ಟಿಕೆಟ್ ಅಗ್ಗ, ಹಡಗು ನಿಂತಿರುವ ಊರಿಗೆ ಹೋಗುವುದೇ ದುಬಾರಿ. ಇದನ್ನು ನಮ್ಮ ಮನೆಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕೆರಿಬಿಯನ್ ಸಮುದ್ರದಲ್ಲಿ ಒಂದು ವಾರ ಸುತ್ತಾಟ, ಊಟ ತಿಂಡಿ ಸಮೇತ. ನೈರೋಬಿಯಿಂದ ಮಯಾಮಿಗೆ ವಿಮಾನಕ್ಕೆ ಮಾತ್ರ ಅದರ ಎರಡು ಪಟ್ಟು. ನೇರ ವಿಮಾನವಂತೂ ಇಲ್ಲ. ಒಂದೂರಲ್ಲಿ ಇಳಿದು, ಅಲ್ಲಿ ತೂಕಡಿಸಿ, ಇನ್ನೊಂದೂರಲ್ಲಿ ಚಪ್ಪಲಿ ಬಿಚ್ಚಿ ತಪಾಸಣೆ ಮಾಡಿಸಿಕೊಂಡು ತಲುಪಬೇಕು. ತಡವಾದರೆ ಹಡಗೇನು ನಮಗಾಗಿ ಕಾಯುತ್ತದೆಯೇ?

ಆದರೂ ಹೋಗಲೇಬೇಕಿತ್ತು. ನಮ್ಮ ಜೊತೆಗಿರುವ ಅತ್ತೆಗೆ ಒಬ್ಬರೇ ತಂಗಿ, ನ್ಯೂಜೆರ್ಸಿಯಲ್ಲಿದ್ದಾರೆ. ಅವರಿಗೆ ಮರೆವಿನ ಕಾಯಿಲೆ. ಸೊಸೆಯ ಹೆಸರು ಮರೆತಿದ್ದರು, ಮನೆಯ ದಾರಿ ಮರೆತಿದ್ದರು. ಅಕ್ಕನನ್ನು ಮಾತ್ರ ಮರೆತಿರಲಿಲ್ಲ. ಹಡಗು ಹತ್ತಬೇಕೆಂಬುದು ಅವರ ಹಳೆಯ ಆಸೆ. ಅದೊಂದನ್ನು ತೀರಿಸಿ, ವಾಪಸು ಬಂದ ಮೇಲೆ ಇಂಥವರನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಸೇರಿಸುವುದೆಂದು ಅವರ ಮಗ ತೀರ್ಮಾನಿಸಿದ್ದ. ಅತ್ತೆಗೂ ನನಗೂ ಸೇರಿಸಿಯೇ ಹಡಗಿನಲ್ಲಿ ರೂಮು ಹಿಡಿದಿದ್ದ.

"ಅಮ್ಮ ಗುರುತು ಹಿಡಿಯೋವಾಗಲೇ ದೊಡ್ಡಮ್ಮನ್ನ ಕರ್ಕೊಂಡು ಬಂದ್ಬಿಡಿ ಅತ್ತಿಗೆ. ಮುಂದಿನ ವರ್ಷ ಅಂದ್ರೆ ನಾನೇನೂ ಹೇಳಲಾರೆ," ಎಂದಿದ್ದ ಫೋನಿನಲ್ಲಿ.

ಇಷ್ಟು ಗೊತ್ತಿದ್ದೂ ನಮ್ಮವರು ಟಿಕೆಟ್ ತೆಗೆಯಲಿಲ್ಲ! ಬ್ಯಾಂಕಿನ ಕಂಪ್ಯೂಟರ್ ವಿಭಾಗದವರಲ್ಲವೇ, ಬೆಳಿಗ್ಗೆ ಕಾಫಿಗೆ ಮೊದಲು ದರ ನೋಡುವುದು, "ತಾಳೇ, ಇಳಿಯುತ್ತೆ," ಎನ್ನುವುದು. ಅದು ಏರುತ್ತಿತ್ತು. ಮಾರನೆಯ ದಿನ ಮತ್ತೆ, "ಈಗ ತಗೊಂಡ್ರೆ ಪೆದ್ದರಾಗ್ತೀವಿ." ಅದು ಇನ್ನೂ ಏರುತ್ತಿತ್ತು.

"ರೀ, ಅದೇನು ಟೊಮೇಟೊನಾ, ಸಂಜೆ ಮೇಲೆ ಅಗ್ಗ ಆಗೋಕೆ?" ಎಂದು ರೇಗಿದೆ. ಅದಕ್ಕೂ ನಕ್ಕರು, ಪುಣ್ಯಾತ್ಮರು.

ಇತ್ತ ಅತ್ತೆ ಪಂಚಾಂಗ ನೋಡಿ, ಹಡಗು ಹಿಡಿಯಲು ನಾವು ಹೊರಡಬೇಕಾದ ಮಂಗಳವಾರ ಪ್ರಯಾಣಕ್ಕೆ ಆಗದು ಎಂದರು. ಅದಕ್ಕೆ ಪರಿಹಾರವೂ ಅವರ ಹತ್ತಿರವೇ ಇತ್ತು: ಪರಸ್ಥಾನ. ಒಳ್ಳೆಯ ದಿನ ನೋಡಿ ಪೆಟ್ಟಿಗೆಯನ್ನು ಬೇರೊಬ್ಬರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಂದೇ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಟಿಕೆಟ್ಟೇ ಇಲ್ಲ, ಪರಸ್ಥಾನವಂತೆ! ಶುಕ್ರವಾರ ಆಫೀಸಿನಿಂದ ಸುಸ್ತಾಗಿ ಬಂದವಳು ಗೊಣಗುತ್ತಲೇ ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು, ನೈರೋಬಿಯದೇ ಬಡಾವಣೆ ರುಂಡಾದಲ್ಲಿರುವ ಮೈಸೂರಿನ ಗೆಳತಿಯ ಮನೆಗೆ ಅತ್ತೆಯನ್ನು ಕರೆದೊಯ್ದೆ.

"ಅತ್ತೆ, ಏರ್‌ಪೋರ್ಟ್ ಇರೋದು ಎಂಬಕಸಿಯಲ್ಲಿ. ನಾವು ಹೋಗ್ತಿರೋದು ಅದರ ಉಲ್ಟಾ ದಿಕ್ಕಿಗೆ."

"ದಿಕ್ಕು ಕಟ್ಕೊಂಡು ಏನಾಗಬೇಕಮ್ಮ? ಮನೆ ಹೊಸ್ತಿಲು ದಾಟಿದರಾಯ್ತು."

ಶನಿವಾರ ಮಧ್ಯಾಹ್ನ ನಮ್ಮವರು ಸೋಫಾದಿಂದ ಹಾರಿ ಎದ್ದರು. ದರ ಇಳಿದಿತ್ತು, ನಿಜವಾಗಿಯೂ ಇಳಿದಿತ್ತು. ಹಡಗು ಹೊರಡುವ ಎರಡು ದಿನ ಮೊದಲೇ ಮಯಾಮಿ ತಲುಪಿಸುವ ವಿಮಾನ, ಉಳಿದದ್ದು ಎರಡೇ ಸೀಟು. ಟ್ರಾವೆಲ್ ಏಜೆಂಟ್ ಇಬ್ಬರ ಪಾಸ್‌ಪೋರ್ಟ್ ನಂಬರನ್ನೂ ಕೂಡಲೇ ಕಳಿಸಿ ಎಂದ.

"ಅತ್ತೆ, ಪಾಸ್‌ಪೋರ್ಟ್ ಕೊಡಿ, ಬೇಗ!"

"ಪೆಟ್ಟಿಗೇಲಿದೆಯಲ್ಲ," ಎಂದರು ಅವರು, ಬಟಾಣಿ ಬಿಡಿಸುತ್ತಾ. "ಬರೀ ಸೀರೆ ಇಟ್ಟರೆ ಅದೆಂಥಾ ಪರಸ್ಥಾನ? ಪ್ರಯಾಣಕ್ಕೆ ಮುಖ್ಯವಾದ್ದು ಇಡಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಅಮೆರಿಕದ ವೀಸಾ ಹಳೆಯದರಲ್ಲಿತ್ತು; ಇದು ಹೊಸ ಪಾಸ್‌ಪೋರ್ಟ್, ಬಂದು ವಾರವೂ ಆಗಿರಲಿಲ್ಲ. ಒಬ್ಬರೂ ಅದರ ಫೋಟೋ ತೆಗೆದಿಟ್ಟುಕೊಂಡಿರಲಿಲ್ಲ. ಗಿಗಿರಿಯ ಟ್ರಾಫಿಕ್ಕಿನಲ್ಲಿ ನಾವಿಬ್ಬರೂ ತೆವಳಿಕೊಂಡು ರುಂಡಾ ಮುಟ್ಟಿದರೆ ಗೆಳತಿಯ ಮನೆಗೆ ಬೀಗ. "ಪೋಲೆ ಸಾನಾ, ಮಾಮಾ," ಬಹಳ ಬೇಜಾರಾಯ್ತಮ್ಮ ಎಂದು ಗೇಟಿನ ಕಾವಲಿನವನು ಸ್ವಾಹಿಲಿಯಲ್ಲಿ ಪಾಪ ತುಂಬ ಮರುಗಿದ. ಅವರೆಲ್ಲ ಬೆಳಗಿನ ರೈಲಿಗೆ ಮೊಂಬಾಸಾಗೆ ಹೋಗಿದ್ದರು. ಫೋನು ಮಾಡಿದೆ. "ಅಯ್ಯೋ, ಕೀ ನನ್ನ ಬ್ಯಾಗಲ್ಲೇ ಬಂದ್ಬಿಟ್ಟಿದೆ ಕಣೇ! ನಾಳೆ ರಾತ್ರಿ ಬಂದ್ಬಿಡ್ತೀವಿ," ಎಂದಳು. ನಮ್ಮವರು ಕಿಟಕಿಯ ಕಡೆ ಆಸೆಯಿಂದ ನೋಡಿದರು. ಕಾವಲಿನವನು ಮೆತ್ತಗೆ ಹೋಗಿ ಆ ಕಿಟಕಿಯ ಮುಂದೆ ನಿಂತುಕೊಂಡ.

ಸೋಮವಾರ ಬೆಳಿಗ್ಗೆ ಗೆಳತಿ ಪೆಟ್ಟಿಗೆ ತೆರೆದು ಫೋನಿನಲ್ಲಿ ನಂಬರೇನೋ ಹೇಳಿದಳು, ಸೀಟು ಹೋಗಿತ್ತು. ಆ ವಾರ ಸೀಟು ಉಳಿದಿದ್ದ ವಿಮಾನಗಳೆಲ್ಲ ಹಡಗು ಹೊರಟ ಮೇಲೆ ತಲುಪುವಂಥವು, ಅವಕ್ಕೂ ಕಣ್ಣು ಕುಕ್ಕುವ ದರ. ತಾಯಿ ಮಗ ಇಬ್ಬರಿಗೂ ಸೇರಿಸಿ ಬಾಯಿಗೆ ಬಂದಂತೆ ಅಂದೆ. ನಮ್ಮವರು ತಲೆ ತಗ್ಗಿಸಿ ಕೂತರು. ಅತ್ತೆ ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಹಡಗು ಹೊರಟ ಮಾರನೆಯ ದಿನ ವಿಡಿಯೋ ಕರೆ ಬಂತು. ತಲೆಗೆ ದೊಡ್ಡ ಹ್ಯಾಟು ಹಾಕಿಕೊಂಡ ಚಿಕ್ಕತ್ತೆ, ಹಿಂದೆ ಬರೀ ನೀರು.

"ಅಕ್ಕಾ, ಯಾವ ರೂಮಲ್ಲಿದ್ದೀಯೇ? ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ!"

ಹಿಂದೆ ನಿಂತಿದ್ದ ಮಗ ಮುಖ ಆ ಕಡೆ ತಿರುಗಿಸಿಕೊಂಡ. ವಿಮಾನ, ದರ, ಬೀಗ ಎಲ್ಲ ನನ್ನ ಬಾಯಿಯವರೆಗೂ ಬಂದಿತ್ತು. ಅತ್ತೆ ನನ್ನ ಕೈ ಒತ್ತಿ ಹಿಡಿದರು.

"ಕೆಳಗಿನ ಅಂತಸ್ತಲ್ಲಿದೀನಿ ಕಣೇ. ಸೀರೆ ಉಟ್ಕೊಂಡು ಬರ್ತೀನಿ, ನೀನು ಅಲ್ಲೇ ಕೂತಿರು."

"ಬೇಗ ಬಾ," ಎಂದು ಚಿಕ್ಕತ್ತೆ ಪಕ್ಕದ ಕುರ್ಚಿಯ ಮೇಲೆ ತಮ್ಮ ಹ್ಯಾಟು ತೆಗೆದಿಟ್ಟು ಜಾಗ ಹಿಡಿದರು.

ಫೋನು ಇಟ್ಟ ಮೇಲೆ, ಸಂಜೆ ಪೆಟ್ಟಿಗೆ ತಂದುಬಿಡುತ್ತೇನೆ ಎಂದೆ.

"ಬೇಡಮ್ಮ, ಅಲ್ಲೇ ಇರಲಿ," ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಅದು ಅಲ್ಲಿರೋ ತನಕ ನಾನು ಹೊರಟ ಹಾಗೇ ಅಲ್ವಾ? ಅವಳಿಗೆ ಸುಳ್ಳು ಹೇಳಿದ ಹಾಗಾಗಬಾರದು."