ಆಪಾಳ ಮಿಲ್ಲು, ಕಂಪನಿಯ ವ್ಯಾನು

ಆಳಂದದ ಕಾಲೇಜಿನಲ್ಲಿ ನಾನು ವಾಣಿಜ್ಯದ ಪಾಠ ಹೇಳುತ್ತೇನೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅಂತ ಅದರಲ್ಲೊಂದು ಅಧ್ಯಾಯ. ಬೋರ್ಡಿನ ಮೇಲೆ ಗೆರೆ ಎಳೆದು ದೇಶಗಳನ್ನು ಸಾಲಾಗಿ ಕೂರಿಸುತ್ತೇನೆ. ನಮ್ಮಲ್ಲಿ ದೊಡ್ಡ ಲಾಭ ಮಾಡಿದ ಕಂಪನಿ ಅದರಲ್ಲೊಂದು ಪಾಲನ್ನು ಜನರ ಒಳಿತಿಗೆ ಖರ್ಚು ಮಾಡಲೇಬೇಕು. ಬ್ರಿಟನ್ನಿನಲ್ಲಿ ಆ ಕಡ್ಡಾಯವಿಲ್ಲ, ಏನು ಮಾಡಿದಿರೆಂದು ವರದಿ ಬರೆಯಬೇಕು. ಜರ್ಮನಿ ಬೇರೆಯದನ್ನೇ ಕೇಳುತ್ತದೆ: ನಿಮಗೆ ಸರಕು ಬರುವ ದಾರಿಯಲ್ಲಿ ದುಡಿಯುವವರ ಗತಿ ಏನು? ಇಲ್ಲಿಗೆ ಬಂದಾಗಲೆಲ್ಲ ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತೇನೆ. ಸೀಮೆಸುಣ್ಣದ ಧೂಳೆಂದು ಹುಡುಗರು ತಿಳಿದಿದ್ದಾರೆ. ತಿಳಿಯಲಿ ಬಿಡಿ.

ಆಪಾ ಎಂದರೆ ನನ್ನ ಅಕ್ಕ. ನಮ್ಮೂರು ಸರಸಂಬಾದ ಮನೆಯಿಂದ ಹೊರಟು ತೊಗರಿಬೇಳೆ ಮಿಲ್ಲಿನ ಜರಡಿ ಕೋಣೆಯಲ್ಲಿ ದುಡಿಯುತ್ತಿದ್ದಳು. ಸಂಜೆ ಬಂದರೆ ಬೇಳೆಯ ಧೂಳಿಗೆ ರೆಪ್ಪೆಯ ಕೂದಲೂ ಹಳದಿ. ಕನ್ನಡಿ ಮುಂದೆ ನಿಂತು, ಅರಿಶಿನ ಹಚ್ಚಿದ ಮದುಮಗಳೆಂದು ತನ್ನನ್ನೇ ಗೇಲಿ ಮಾಡಿಕೊಳ್ಳುವಳು. ಮನೆಯಲ್ಲಿ ನಮ್ಮದು ದಖನಿ ಉರ್ದು, ಮಿಲ್ಲಿನ ಸುದ್ದಿ ಬಂತೋ ಆಪಾ ಕನ್ನಡಕ್ಕೆ ಜಿಗಿಯುತ್ತಿದ್ದಳು. "ನಮ್ಮ ಬ್ಯಾಳಿ ಹಡಗ ಹತ್ತಿ ಪರದೇಶಕ್ಕ ಹೋಗ್ತದ" ಎನ್ನುವಾಗ ಅವಳ ಮುಖ ನೋಡಬೇಕಿತ್ತು, ತಾನೇ ಹಡಗು ನಡೆಸುವವಳ ಹಾಗೆ.

ಮಿಲ್ಲಿನ ಕಂಪನಿಯೂ ಊರಿಗೆ ಕಡಿಮೆ ಮಾಡಲಿಲ್ಲ. ಶಾಲೆಗೆ ಬೆಂಚು ಕೊಟ್ಟಿತು. ರಸ್ತೆಗೆ ತನ್ನ ಹೆಸರು ಬರೆದ ಬಸ್ ಶೆಡ್ ಕಟ್ಟಿಸಿತು. ವಾರಕ್ಕೊಮ್ಮೆ ಬಿಳಿ ವ್ಯಾನಿನಲ್ಲಿ ಡಾಕ್ಟರನ್ನು ಕಳಿಸಿತು. ಆ ವ್ಯಾನು ಬರತೊಡಗಿದ ಕಾಲಕ್ಕೇ ಆಪಾಳ ಕೆಮ್ಮು ಮಲಗಲು ಬಿಡದಷ್ಟು ಬೆಳೆದಿತ್ತು. ಕಲಬುರಗಿಗೆ ಹೋಗೋಣ ಎಂದರೆ, ಸೀಸನ್ನು ಮುಗಿಯಲಿ, ಈಗ ರಜೆ ಹಾಕಿದರೆ ನನ್ನ ಜಾಗದಲ್ಲಿ ಇನ್ನೊಬ್ಬಳು ಕೂರುತ್ತಾಳೆ ಎಂದಳು. ನಾನು ಬೈದು ವ್ಯಾನಿಗೆ ಎಳೆದುಕೊಂಡು ಹೋದೆ.

ಬಾಗಿಲಲ್ಲಿ ಕೂತಿದ್ದ ನರ್ಸಮ್ಮ, ಕೆಲಸ ಎಲ್ಲಿ ಎಂದು ಕೇಳಿದರು.

"ಇದ ನಮ್ಮ ಮಿಲ್ಲಿನಾಗ್ರಿ" ಎಂದಳು ಆಪಾ, ಸೆರಗು ಸರಿಮಾಡಿಕೊಂಡು.

ನರ್ಸಮ್ಮನ ಪೆನ್ನು ನಿಂತಿತು. "ಮಿಲ್ಲಿನವ್ರಿಗೆ ಇಲ್ಲಿ ನೋಡಾಕ ಬರಂಗಿಲ್ರಿ ಅಕ್ಕಾ. ಇದು ಊರಿನ ಮಂದಿಗಿ. ಕಾಯ್ದೆ ಹಂಗ ಅದ."

ಕಾಯ್ದೆ ಹಾಗೇ ಇದೆ. ತನ್ನ ನೌಕರರಿಗಾಗಿಯೇ ಮಾಡಿದ ಖರ್ಚನ್ನು ಕಂಪನಿ ಸಮಾಜಸೇವೆ ಎಂದು ತೋರಿಸುವಂತಿಲ್ಲ. ನೌಕರರನ್ನು ಹೇಗೂ ನೋಡಿಕೊಳ್ಳಬೇಕಾದದ್ದೇ, ಅದನ್ನು ದಾನವೆಂದು ಹೇಳಿಕೊಳ್ಳಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಮಾಡಿದ ನಿಯಮ. ಬೋರ್ಡಿನ ಮುಂದೆ ನಿಂತು ನಾನೇ ಅದನ್ನು ಹೊಗಳಿದ್ದೆ.

ಸರಿ, ಹಾಗಾದರೆ ಮಿಲ್ಲೇ ನೋಡಿಕೊಳ್ಳಲಿ ಎಂದು ಮರುದಿನ ಒಬ್ಬಳೇ ಮ್ಯಾನೇಜರರ ಹತ್ತಿರ ಹೋದೆ. ಕೂರಿಸಿದರು, ಚಹಾ ತರಿಸಿದರು, ಮೃದುವಾಗಿಯೇ ಹೇಳಿದರು: "ಅವ್ರು ನಮ್ಮವ್ರಲ್ರಿ ಮೇಡಂ. ಗುತ್ತೇದಾರನ ಕಡೀ ಮಂದಿ." ಗುತ್ತೇದಾರನಿಗೆ ಫೋನು ಮಾಡಿದರೆ ಅವನು ನಕ್ಕ. "ಕೆಮ್ಮಿಗಿ ನಾ ಏನ್ ಮಾಡ್ಲಿ ಅಕ್ಕಾ?" ವ್ಯಾನಿನ ಮುಂದೆ ಆಪಾ ಮಿಲ್ಲಿನವಳು, ಮಿಲ್ಲಿನ ಮುಂದೆ ಯಾರವಳೂ ಅಲ್ಲ. ಚಹಾ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ಆಪಾಳಿಗೆ, ಮುಂದಿನ ವಾರ ವ್ಯಾನಿನಲ್ಲಿ ಬರೀ ಮನೆಗೆಲಸ ಅಂತ ಹೇಳು ಎಂದೆ. ಮ್ಯಾನೇಜರರ ಮಾತು ಹೇಳಲು ಬಾಯಿ ಬರಲಿಲ್ಲ. ಅವಳು ಉರಿದುಬಿದ್ದಳು.

"ಇಷ್ಟ್ ವರ್ಷ ದುಡದು, ಆ ಮಿಲ್ಲ ನಂದಲ್ಲ ಅನ್ಲೇನ? ನಾ ಹೋಗಂಗಿಲ್ಲ."

ಹೋಗಲೂ ಇಲ್ಲ. ಆಳಂದದಿಂದ ನಾನು ತಂದ ಕೆಮ್ಮಿನ ಔಷಧ ಕುಡಿಯುತ್ತ ಸೀಸನ್ನು ಮುಗಿಸಿದಳು. ಕಲಬುರಗಿಗೆ ಹೊರಟಾಗ ಮನೆಯಿಂದ ರಸ್ತೆಗೆ ಬರುವಷ್ಟರಲ್ಲಿ ಮೂರು ಕಡೆ ಕೂತಳು. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಬಹಳ ತಡ ಮಾಡಿದಿರಿ ಎಂದರು. ಆಪಾ ಅಲ್ಲಿಂದ ಬದುಕಿ ಬರಲಿಲ್ಲ. ಮಣ್ಣಿಗೆ ಬಂದ ಜರಡಿ ಕೋಣೆಯ ಹೆಂಗಸರೆಲ್ಲ ಕೆಮ್ಮುತ್ತಿದ್ದರು. ಅದು ನನಗೆ ಅಳುವಿಗಿಂತ ಜೋರಾಗಿ ಕೇಳಿತು.

ಜರ್ಮನಿಯ ಸಾಲಿಗೆ ಬಂದಾಗ ಈಗಲೂ ಒಂದು ಹುಚ್ಚು ಯೋಚನೆ ಬರುತ್ತದೆ. ಆ ಬೇಳೆ ಉಣ್ಣುವ ಊರಿನಿಂದ ಯಾರಾದರೂ ಒಂದು ಸಲ ಜರಡಿ ಕೋಣೆಯ ಬಾಗಿಲಿಗೆ ಬಂದು, ಇಲ್ಲಿ ಯಾರು ಕೂತಿದ್ದರು ಎಂದು ಕೇಳಿದ್ದರೆ? ಯಾರೂ ಬರಲಿಲ್ಲ. ಪಾಠ ಮುಗಿಸಿ ಬೋರ್ಡು ಒರೆಸುತ್ತೇನೆ.

ಕಲಬುರಗಿಗೆ ಹೊರಟ ಆ ಕೊನೆಯ ಬೆಳಿಗ್ಗೆ ಬಸ್ಸು ತಡವಾಗಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಆಪಾ ಕಂಪನಿಯ ಶೆಡ್ಡಿನ ಕಲ್ಲಿನ ಮೇಲೆ ಕೂತು ನನ್ನ ಹೆಗಲಿಗೆ ತಲೆಯಿಟ್ಟಳು. ಉಸಿರು ಸ್ವಲ್ಪ ಹಿಡಿತಕ್ಕೆ ಬಂದಾಗ ಚಾವಣಿಯತ್ತ ನೋಡಿ ಕನ್ನಡದಲ್ಲಿ ಹೇಳಿದಳು:

"ನೆಳ್ಳ ಎಷ್ಟ್ ಛಲೋ ಅದ ನೋಡು. ನಮ್ಮವ್ರು ಕಟ್ಸ್ಯಾರ."

"ಹೌದು ಆಪಾ," ಎಂದೆ, "ನಮ್ಮವ್ರೇ ಕಟ್ಸ್ಯಾರ."