ಅತ್ತೆಯವರೂ ಗಾಲ್ಫಿನ ಗಾಳಿಯೂ

ನಾನು ಗಾಲ್ಫ್ ಮೈದಾನ ಕಂಡವನಲ್ಲ. ನಮ್ಮ ಬಳ್ಳಾರಿಯಲ್ಲಿ ಹುಲ್ಲಿಗಿಂತ ಬಂಡೆಯೇ ಹುಲುಸು. ಆದರೂ ಕಳೆದ ಬೇಸಿಗೆಯಲ್ಲಿ, ಸತ್ಯನಾರಾಯಣಪೇಟೆಯ ನಮ್ಮ ಪಡಸಾಲೆಯಲ್ಲಿ ಕೂತು ದಿನಕ್ಕೆರಡು ಸಲ ಗಾಲ್ಫ್ ಆಡಿದೆ, ಎರಡು ಸಲವೂ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ.

ಇದಕ್ಕೆ ಕಾರಣ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ವೀರೇಶ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರ್. ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ತನ್ನ ಬಾಲ್ಯದ ಟಿವಿ ಗೇಮನ್ನು ನಮ್ಮಲ್ಲಿಗೆ ತಂದ. ಕ್ಯಾಸೆಟ್ಟುಗಳ ಪೈಕಿ ಜೀವವಿದ್ದದ್ದು ಗಾಲ್ಫಿನದೊಂದಕ್ಕೇ. ಅದಕ್ಕೂ ದಿನಾ ಬಾಯಿಂದ ಉಫ್ ಎಂದು ಊದಬೇಕು.

ಆಟ ಸರಳ. ಗುಂಡಿ ಒತ್ತಿದರೆ ಒಂದು ಗೆರೆ ಓಡುತ್ತದೆ, ಮತ್ತೆ ಒತ್ತಿದರೆ ಬಲ ನಿಲ್ಲುತ್ತದೆ, ಮೂರನೆಯ ಸಲ ಸರಿಯಾಗಿ ಒತ್ತಿದರೆ ಚೆಂಡು ನೆಟ್ಟಗೆ ಹೋಗುತ್ತದೆ. ಕಡಿಮೆ ಹೊಡೆತದಲ್ಲಿ ಕುಳಿ ಸೇರಿಸಿದವನು ಗೆದ್ದ. ಇದು ತಿಳಿಯದೆ ನಾನು ಮೊದಲ ವಾರ ನನ್ನ ದೊಡ್ಡ ಅಂಕಿಗೆ ಹೆಮ್ಮೆಪಟ್ಟು ಹೆಂಡತಿಗೆ ತೋರಿಸಿದ್ದೆ. ಪರದೆಯ ಮೂಲೆಯಲ್ಲೊಂದು ಬಾಣವಿತ್ತು. ಬಾಣವೆಂದರೆ ದಾರಿ ತೋರಿಸುವುದೆಂದು ಬಸ್ ನಿಲ್ದಾಣದ ಶೌಚಾಲಯದಿಂದ ಕಲಿತವನು ನಾನು. ಅದು ತೋರಿಸಿದತ್ತ ಹೊಡೆಯುತ್ತಿದ್ದೆ, ಚೆಂಡು ಕೆರೆಗೆ ಬೀಳುತ್ತಿತ್ತು. ಬಂದಾಗಲೆಲ್ಲ ವೀರೇಶ ನೋಡಿ ನಗುತ್ತಿದ್ದ, ಬಾಣ ಏನೆಂದು ಹೇಳುತ್ತಿರಲಿಲ್ಲ.

ಆ ದಿನಗಳಲ್ಲೇ ಕುರುಗೋಡಿನಿಂದ ಅತ್ತೆ ಮೊಣಕಾಲು ತೋರಿಸಲು ಬಂದರು. ನಮ್ಮ ಅತ್ತೆ ಅಳಿಯಂದಿರೊಡನೆ ನೇರ ಮಾತಾಡುವವರಲ್ಲ. ಹನ್ನೊಂದು ವರ್ಷದಿಂದ ನನಗೆ ಹೇಳಬೇಕಾದದ್ದೆಲ್ಲ ಮಗಳ ಮೂಲಕವೇ. ನಾನು ಎರಡು ಮೊಳ ದೂರದಲ್ಲಿದ್ದರೂ ‘ಅವರಿಗೆ ಊಟಕ್ಕ ಬರಾಕ ಹೇಳವ್ವ’ ಎನ್ನುತ್ತಿದ್ದರು. ನಾನೂ ಅವಳಿಗೇ ‘ಬಂದೆ ಅಂತ ಹೇಳು’ ಎನ್ನುತ್ತಿದ್ದೆ.

ಅಡುಗೆಮನೆಯ ಹೊಸ್ತಿಲ ಬಳಿ ತೊಗರಿಬೇಳೆ ಆರಿಸುತ್ತ ಅವರು ಟಿವಿ ನೋಡುತ್ತಿದ್ದರು. ಇಷ್ಟು ಹಸಿರು ಬೆಳೆದಾರ, ಒಂದು ಎಮ್ಮಿನೂ ಕಾಣಂಗಿಲ್ಲಲ್ಲ ಎಂದು ಮಗಳ ಹತ್ತಿರ ಮರುಗಿದ್ದರಂತೆ.

ಒಂದು ಭಾನುವಾರ ಮಧ್ಯಾಹ್ನ ವೀರೇಶ ಬಂದು ಪಂಥ ಕಟ್ಟಿದ. ಅತ್ತೆಮನೆಯ ಹಬ್ಬದೂಟದಲ್ಲಿ ಮೊದಲ ಎಲೆ ಹಿರಿಯ ಅಳಿಯನಾದ ನನ್ನದು. ಸೋತರೆ ಇನ್ನು ಮುಂದೆ ಅದು ಅವನದು. ಹೋಳಿಗೆ ಯಾವ ಎಲೆಯಲ್ಲೂ ಹೋಳಿಗೆಯೇ ಎಂದು ಶಾಲೆಯಲ್ಲಿ ಕನ್ನಡ ಕಲಿಸುವ ನಾನು ವೇದಾಂತ ಹೇಳಬಹುದಿತ್ತು. ಬದಲಿಗೆ ಲುಂಗಿ ಬಿಗಿದು ಆಟಕ್ಕೆ ಕೂತೆ.

ಅಂದು ನನ್ನ ಪುಣ್ಯ, ಹೆಚ್ಚಿನ ಕುಳಿಗಳಲ್ಲಿ ಬಾಣ ಕುಳಿಯ ಕಡೆಗೇ ಇತ್ತು. ಕೊನೆಯ ಕುಳಿಗೆ ಬರುವಾಗ ಇಬ್ಬರೂ ಸಮಸಮ. ವೀರೇಶ ನಾಲ್ಕು ಹೊಡೆತದಲ್ಲಿ ಮುಗಿಸಿದ. ನನ್ನ ಎರಡನೆಯ ಹೊಡೆತಕ್ಕೆ ಬಾಣ ಎಡಕ್ಕೆ ತಿರುಗಿತ್ತು. ಎಡಕ್ಕೆ ಕೆರೆ. ನಾನು ಭಕ್ತಿಯಿಂದ ಎಡಕ್ಕೇ ಗುರಿಯಿಟ್ಟೆ.

“ಅಳಿಯಂದ್ರ,” ಎಂದಿತು ಹಿಂದಿನಿಂದ ಒಂದು ದನಿ. “ಅದು ದಾರಿ ಅಲ್ರಿ, ಗಾಳಿ. ಕುಳಿ ಮ್ಯಾಲಿನ ಬಾವುಟ ನೋಡ್ರಿ, ಅತ್ಲಾಗ ಹಾರಾಕತ್ತೈತಿ. ಬಲಕ್ಕ ಹೊಡೀರಿ, ಗಾಳೀನ ತಂದು ಹಾಕ್ತೈತಿ.”

ಒಳಗೆ ಹೆಂಡತಿಯ ಸೌಟು ನಿಂತಿತು. ನಾನು ತಿರುಗಿ ನೋಡುವ ಧೈರ್ಯ ಮಾಡದೆ ಬಲಕ್ಕೆ ಹೊಡೆದೆ. ಚೆಂಡು ಬಲಕ್ಕೆ ಹೋಗಿ, ಮನಸ್ಸು ಬದಲಿಸಿದಂತೆ ಬಾಗಿ, ಬಾವುಟದ ಪಕ್ಕ ಬಿತ್ತು. ಇನ್ನೊಂದು ಸಣ್ಣ ಹೊಡೆತ, ಗೆದ್ದೆ.

ಇದು ಮೋಸ, ನಾನೂ ನಿಮ್ಮ ಅಳಿಯನೇ ಎಂದು ವೀರೇಶ ತಗಾದೆ ತೆಗೆದ.

“ನಿಮಗ ಗಾಳಿ ಮೊದಲ ಗೊತ್ತಿತ್ತಲ್ರಿ,” ಎಂದರು ಅತ್ತೆ. “ಅವರಿಗ್ಯಾಕ ಹೇಳ್ಲಿಲ್ಲ?”

ಅವನು ಕ್ಯಾಸೆಟ್ಟು ಊದತೊಡಗಿದ.

ನಿನಗೆ ಹೇಗೆ ಗೊತ್ತಾಯಿತು ಎಂದು ಮಗಳು ಕೇಳಿದಳು. ಕಣದಲ್ಲಿ ನಿಂತು ವರ್ಷಗಟ್ಟಲೆ ಜೋಳ ತೂರಿದವಳು ತಾನು, ಗಾಳಿ ತಿಳಿಯದವರ ಕಣ್ಣಿಗೆ ಹೊಟ್ಟು ಬೀಳುತ್ತದೆ ಎಂದರು. ಭೀಮ ಹನುಮರ ತಂದೆಯಾದ ವಾಯುದೇವನ ಬಗ್ಗೆ ನಾನು ಪಾಠ ಮಾಡಿದ್ದೇನೆ. ಅವನು ಬೆರಳುಗುರಿನಷ್ಟು ಬಾಣವಾಗಿ ಬಂದಾಗ ಗುರುತಿಸಿದವರು ಶಾಲೆಯ ಮೆಟ್ಟಿಲು ಹತ್ತದ ನಮ್ಮತ್ತೆ.

ಮೌನ ಮುರಿಯಿತೆಂದು ಹಿಗ್ಗಿದೆ. ಮರುದಿನದಿಂದ ಹನ್ನೊಂದು ವರ್ಷದ ಬಾಕಿ ನೇರವಾಗಿ ಬರತೊಡಗಿತು: ಹಸಿ ಟವೆಲ್ ಕುರ್ಚಿಗೆ ಹಾಕಬ್ಯಾಡ್ರಿ, ಹೊಟ್ಟಿ ಬಂದೈತಿ, ನಡೀರಿ, ನನ್ನ ಮಗಳ ಮ್ಯಾಲೆ ದನಿ ಏರಿಸಬ್ಯಾಡ್ರಿ. ಹೆಂಡತಿಯ ಮೂಲಕ ಬರುವಾಗ ಇವೆಲ್ಲ ಸೋಸಿ ಬರುತ್ತಿದ್ದವೆಂದು ಈಗ ತಿಳಿಯಿತು. ಮೊದಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದೆ: ಹೊರಗಿನವರಿಗೆ ಜನ ಮರ್ಯಾದೆ ಕೊಡುತ್ತಾರೆ, ಇಷ್ಟು ಮುತುವರ್ಜಿಯಿಂದ ಬೈಯುವುದು ಮನೆಯವರನ್ನು ಮಾತ್ರ.