ಅರ್ಧ ರಿಪೋರ್ಟು

ಎರಡು ಸಾವಿರದ ಇಸವಿಯ ಆಚೀಚೆ ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮೈಯಲ್ಲಿ ಸರಿಯಾಗಿ ರಕ್ತ ಹುಟ್ಟದ ಮಕ್ಕಳ ಮೇಲೆ ನಮ್ಮ ಡಾಕ್ಟರರು ಸಂಶೋಧನೆ ಮಾಡುತ್ತಿದ್ದರು. ತಲಸ್ಸೇಮಿಯಾ. ತಂದೆ ತಾಯಿ ಇಬ್ಬರ ರಕ್ತದಲ್ಲೂ ದೋಷವಿದ್ದರೆ ಮಾತ್ರ ಮಗುವಿಗೆ ಆ ಘೋರ ರೂಪ. ಹಾಗಾಗಿ ಇಬ್ಬರನ್ನೂ ಪರೀಕ್ಷಿಸಿ, ಇಬ್ಬರನ್ನೂ ಎದುರು ಕೂರಿಸಿಕೊಂಡೇ ರಿಪೋರ್ಟು ಕೊಡಬೇಕೆಂಬುದು ನಿಯಮ.

ಕಾರ್ಕಳದ ಕಲ್ಲುಕೋರೆಯಿಂದ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಆರು ವರ್ಷದ ಮಗಳನ್ನು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ತರುತ್ತಿದ್ದಳು. ಗಂಡ ಕೋರೆ ಬಿಟ್ಟು ಬರುವವನಲ್ಲ. ಅವಳು ರಿಪೋರ್ಟು ಕೇಳಿ ಕೇಳಿ ನನಗೆ ಸಾಕಾಗಿ, ನಾನೆಂಬ ಮಹಾ ಬುದ್ಧಿವಂತೆ ಅವಳೊಬ್ಬಳ ರಿಪೋರ್ಟನ್ನು ಲಕೋಟೆಗೆ ಹಾಕಿ ಕೈಗಿತ್ತೆ.

ಕೋರೆಯ ಮೇಸ್ತ್ರಿ ಅದನ್ನು ಓದಿ, "ದೋಷ ನಿನ್ನ ಹೆಂಡ್ತಿಯ ರಕ್ತದಲ್ಲಿ ಉಂಟು ಮಾರಾಯ" ಎಂದನಂತೆ. ಮುಂದಿನ ಸಲ ಬಂದಾಗ ಅವಳ ಎಡಗಣ್ಣು ಊದಿ ಮುಚ್ಚಿತ್ತು, ಕೈಗೆ ಪ್ಲಾಸ್ಟರು. ಗಂಡ ಸುತ್ತಿಗೆಯ ಹಿಡಿಯಿಂದ ಚಚ್ಚಿದ್ದ.

"ಮನಿ ಬಿಟ್ಟು ಹೋಗು, ಇನ್ನೊಂದ ಮದುವಿ ಆಗ್ತೀನಿ ಅಂತಾನ್ರೀ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ರಕ್ತ ಚೊಕ್ಕವಾಗಿದ್ದರೆ ಬಂದು ತೋರಿಸು ಅಂತ ಗಂಡನಿಗೆ ಹೇಳಿ ಕಳಿಸಿದೆ. ಬಂದ. "ನಂದು ಹುಲಿ ರಕ್ತ ಐತಿ, ನೋಡ್ಕೋರಿ" ಎಂದು ತೋಳು ಚಾಚಿದ. ಬೇಕೆಂದೇ ಸೂಜಿಯನ್ನು ಒರಟಾಗಿ ಚುಚ್ಚಿದೆ.

ಮೂರು ವಾರದ ನಂತರ, ಮಗಳಿಗೆ ರಕ್ತ ಹಾಕುತ್ತಿದ್ದಾಗಲೇ, ತುಂಬಿದ ವಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೆದುರೂ ನಿಂತು ಅವನ ರಿಪೋರ್ಟನ್ನು ಗಟ್ಟಿಯಾಗಿ ಓದಿದೆ. "ಕೇಳಿತಾ? ನಿನ್ನಲ್ಲೂ ಉಂಟು! ಅವಳಿಗೆ ಎಷ್ಟೋ ನಿನಗೂ ಅಷ್ಟೇ. ಎಂತ ಹುಲಿ ನೀನು, ಥೂ!"

ಯಾರೋ ನಕ್ಕರು. ಅವನು ರಕ್ತದ ಚೀಲ ತೂಗುಹಾಕಿದ್ದ ಸ್ಟ್ಯಾಂಡಿಗೆ ಒದ್ದ. ಹುಡುಗಿಯ ಕೈಯಿಂದ ಸೂಜಿ ಕಿತ್ತು ಬಂತು, ಚೀಲ ಒಡೆದು ನೆಲವೆಲ್ಲ ರಕ್ತ. ಅವನು ಅದರಲ್ಲೇ ಹೆಂಡತಿಯನ್ನು ಕೂದಲು ಹಿಡಿದು ಎಳೆದ. ಇಬ್ಬರು ವಾಚ್‌ಮನ್‌ಗಳು ಸೇರಿ ಅವನನ್ನು ಹೊರಗೆ ದಬ್ಬಿದರು. ಗಲಾಟೆ ಅಡಗುವಷ್ಟರಲ್ಲಿ ತಾಯಿ ಮಗಳನ್ನೆತ್ತಿಕೊಂಡು ಹಿಂದಿನ ಮೆಟ್ಟಿಲಿಳಿದು ಹೋಗಿಯಾಗಿತ್ತು. ಅರ್ಧ ಚೀಲವೂ ಹುಡುಗಿಯ ಮೈಗೆ ಇಳಿದಿರಲಿಲ್ಲ.

ಮುಂದಿನ ತಾರೀಕಿಗೆ ಅವಳ ಗುಂಪಿನ ರಕ್ತ ತೆಗೆದಿಟ್ಟು ಕಾದೆ. ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಅವನೊಬ್ಬನೇ ಬಂದು ಬಾಗಿಲಲ್ಲಿ ನಿಂತ.

"ಹುಡುಗಿ ಎಲ್ಲಿ?"

"ಅವತ್ತಿನಿಂದ ಇಬ್ರೂ ಮನಿಗೆ ಬಂದಿಲ್ರಿ. ತವರಿನ್ಯಾಗೂ ಇಲ್ಲ. ಎಲ್ಲಾ ಕಡೆ ಹುಡುಕೀನಿ."

ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಇನ್ನೊಂದು ಬಾರಿಸಿದೆ. ಆ ಲಕೋಟೆ ಅಂಟಿಸಿದ್ದೂ ಇದೇ ಕೈ. ಅವನು ಮುಖ ತಪ್ಪಿಸಲಿಲ್ಲ.

"ರಕ್ತ ಹಾಕಿಸದಿದ್ರ ಎಷ್ಟ ದಿನ ತಡೀತಾಳ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಈಗಾಗಲೇ ತಡ ಆಗಿದೆ" ಎಂದೆ.